ರಾತ್ರಿ ಬಾರದ ಹಿರಿಯ ವೈದ್ಯರು ಬಂದರೆಂದು ಕೇಸ್ ಶೀಟಿನಲ್ಲಿ ಬರೆಯಲು ಹೇಳಿದರೆ ಪಿಜಿ ವಿದ್ಯಾರ್ಥಿ ಏನು ಮಾಡಬೇಕು?

ಪ್ರಶ್ನೆ (ಪ್ರಸೂತಿ ವಿಭಾಗದ ಎರಡನೇ ವರ್ಷದ ಪಿಜಿ)

ನಾನು ರಾಜ್ಯದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ. ಕಾಲೇಜಿನ ಹೆಸರನ್ನು ಬರೆಯುವುದಿಲ್ಲ, ದಯವಿಟ್ಟು ಯಾರೂ ಊಹಿಸಲು ಹೋಗಬೇಡಿ.

ನಮ್ಮ ಯೂನಿಟ್ಟಿನ ರಾತ್ರಿ ಡ್ಯೂಟಿಯಲ್ಲಿ ಹೆರಿಗೆ ಕೋಣೆ, ಆಪರೇಷನ್ ಆದವರ ವಾರ್ಡು ಮತ್ತು ಕ್ಯಾಶುವಾಲಿಟಿಯ ಕರೆಗಳು, ಈ ಮೂರನ್ನೂ ಒಬ್ಬ ಮೊದಲ ವರ್ಷದ ಪಿಜಿ ಮತ್ತು ಒಬ್ಬ ಇಂಟರ್ನಿ ನೋಡಿಕೊಳ್ಳುತ್ತಾರೆ. ಸಿಸೇರಿಯನ್ ಇದ್ದಾಗ ಎರಡನೇ ವರ್ಷದವರಾದ ನಾವು ಥಿಯೇಟರಿನೊಳಗೆ ಇರುತ್ತೇವೆ. ಡ್ಯೂಟಿ ಪಟ್ಟಿಯಲ್ಲಿ ಸೀನಿಯರ್ ರೆಸಿಡೆಂಟ್ (ಪಿಜಿ ಮುಗಿಸಿ ಕೆಲಸ ಮಾಡುವ ವೈದ್ಯರು) ಮತ್ತು ಸಹಾಯಕ ಪ್ರಾಧ್ಯಾಪಕರ ಹೆಸರುಗಳಿರುತ್ತವೆ. ಅವರು ಫೋನಿನಲ್ಲಿ ಸಿಗುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಬೆಳಿಗ್ಗೆ ರೌಂಡ್ಸ್ ಶುರುವಾಗುವ ಮೊದಲು, ಅವರು ರಾತ್ರಿಯೇ ಬಂದು ರೋಗಿಯನ್ನು ಪರೀಕ್ಷಿಸಿದರೆಂದು ನಮ್ಮ ಕೈಯಲ್ಲಿ ಕೇಸ್ ಶೀಟಿನಲ್ಲಿ ಬರೆಸುತ್ತಾರೆ. ಸಮಯವನ್ನೂ ನಾವೇ ಹಾಕಬೇಕು. ಇತ್ತೀಚೆಗೆ ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾದ ಒಬ್ಬ ತಾಯಿಯ ವಿಷಯದಲ್ಲಿ ಹಿರಿಯರು ಬರುವುದು ತೀರಾ ತಡವಾಯಿತು. ಆಕೆ ಬದುಕಿದರು, ಆದರೆ ಗರ್ಭಕೋಶವನ್ನು ತೆಗೆಯಬೇಕಾಯಿತು. ಕೇಸ್ ಶೀಟನ್ನು ಓದಿದವರಿಗೆ ಮಾತ್ರ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದಂತೆ ಕಾಣುತ್ತದೆ.

ಮೊದಲ ವರ್ಷದ ಒಬ್ಬರು ಹಾಗೆ ಬರೆಯಲು ಹಿಂಜರಿದಾಗ ಅವರಿಗೆ ಸಾಲು ಸಾಲಾಗಿ ಪನಿಷ್ಮೆಂಟ್ ಡ್ಯೂಟಿ ಬಿತ್ತು, ಥಿಯೇಟರಿನಲ್ಲಿ ಕೇಸು ಕೊಡುವುದೂ ನಿಂತುಹೋಯಿತು. ನಮ್ಮ ಯೂನಿಟ್ ಚೀಫ್ ಅವರೇ ನನ್ನ ಥೀಸಿಸ್ ಗೈಡ್, ಮುಂದಿನ ವರ್ಷ ಅವರೇ ಆಂತರಿಕ ಪರೀಕ್ಷಕರೂ ಆಗಬಹುದು. ಹೀಗಿರುವಾಗ ಈ ವಿಷಯವನ್ನು ಯಾರಿಗೆ, ಯಾವ ರೀತಿಯಲ್ಲಿ ಹೇಳಬೇಕು? ಹೇಳಿದವರನ್ನು ಪರೀಕ್ಷೆಯಲ್ಲಿ ಫೇಲ್ ಮಾಡುತ್ತಾರೆಂಬ ಮಾತು ಎಷ್ಟರಮಟ್ಟಿಗೆ ನಿಜ? ಬಾಯಿ ಮುಚ್ಚಿಕೊಂಡು ಬರೆಯುತ್ತಾ ಹೋದರೆ ಮುಂದೆ ನಮಗೇ ತೊಂದರೆಯಾಗುತ್ತದೆಯೇ?

ಉತ್ತರ 1 (ನಿವೃತ್ತ ಪ್ರಾಧ್ಯಾಪಕ)

ನಾನು ಹಲವು ವರ್ಷ ವಿಭಾಗದ ಮುಖ್ಯಸ್ಥನಾಗಿಯೂ ಬಾಹ್ಯ ಪರೀಕ್ಷಕನಾಗಿಯೂ ಕೆಲಸ ಮಾಡಿದವನು. ಪರೀಕ್ಷೆಯ ಭಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದೆಲ್ಲ ಮೌನಕ್ಕೂ ಅದೇ ಬೇರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಥಿಯರಿ ಉತ್ತರ ಪತ್ರಿಕೆಗಳ ಮೌಲ್ಯಮಾಪನವನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ, ಅದು ನಿಮ್ಮ ಯೂನಿಟ್ ಚೀಫ್ ಕೈಯಲ್ಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಕನಿಷ್ಠ ನಾಲ್ವರು ಪರೀಕ್ಷಕರಿರಬೇಕು, ಅವರಲ್ಲಿ ಕನಿಷ್ಠ ಇಬ್ಬರು ಹೊರಗಿನವರಾಗಿರಬೇಕು. ಒಬ್ಬ ಆಂತರಿಕ ಪರೀಕ್ಷಕ ಚಹಾದ ಹೊತ್ತಿನಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಹಗುರವಾಗಿ ಒಂದು ಮಾತು ಆಡುವುದುಂಟು, ಅದನ್ನು ನಾನು ಕೇಳಿದ್ದೇನೆ. ಆದರೆ ಕೇಸನ್ನು ಚೆನ್ನಾಗಿ ಮಂಡಿಸಿದ ಅಭ್ಯರ್ಥಿಯನ್ನು ಅಂಥ ಒಂದು ಮಾತಿನಿಂದ ಅನುತ್ತೀರ್ಣಗೊಳಿಸುವುದು ಹೊರಗೆ ನಿಂತು ಊಹಿಸಿದಷ್ಟು ಸುಲಭವಲ್ಲ.

ನಿಜವಾದ ಅಪಾಯ ಇರುವುದು ಅದಕ್ಕಿಂತ ಮೊದಲಿನ ಎರಡು ವರ್ಷಗಳಲ್ಲಿ. ಥೀಸಿಸ್ಸಿಗೆ ಸಹಿ, ಲಾಗ್‌ಬುಕ್ಕಿಗೆ ಸಹಿ, ರಜೆಯ ಅರ್ಜಿಗೆ ಸಹಿ, ಥಿಯೇಟರಿನಲ್ಲಿ ಯಾರಿಗೆ ಯಾವ ಕೇಸು ಎಂಬ ನಿರ್ಧಾರ, ಮುಂದೆ ಸೀನಿಯರ್ ರೆಸಿಡೆನ್ಸಿಗೆ ಹೋಗುವಾಗ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಹೇಳುವ ಮಾತು, ಇವೆಲ್ಲವೂ ಒಂದೇ ಕೈಯಲ್ಲಿರುವುದರಿಂದ, ನಿಯಮವನ್ನು ಎಲ್ಲಿಯೂ ಮುರಿಯದೆಯೇ ಒಬ್ಬರಿಗೆ ಸಾಕಷ್ಟು ಕಿರುಕುಳ ಕೊಡಬಹುದು. ಇಂಥದ್ದಕ್ಕೆ ಸಾಕ್ಷ್ಯ ಸಿಗುವುದಿಲ್ಲ. ಕೇಸು ಕೊಡಲಿಲ್ಲವೆಂದು ದೂರಿದರೆ ಕೈ ಇನ್ನೂ ಪಳಗಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಆದ್ದರಿಂದ ನನ್ನ ಸಲಹೆಯೇನೆಂದರೆ, ಈ ವಿಷಯವನ್ನು ವ್ಯಕ್ತಿಯ ಮೇಲಿನ ದೂರನ್ನಾಗಿ ಅಲ್ಲ, ರೋಗಿಯ ಸುರಕ್ಷತೆಯ ಪ್ರಶ್ನೆಯನ್ನಾಗಿ ಎತ್ತಿ. ನೀವು ವಿವರಿಸಿದ ಪ್ರಕರಣ ಸಾವಿನ ಅಂಚಿಗೆ ಹೋಗಿ ಪಾರಾದ ತಾಯಿಯದು. ತಾಯಿ ಮರಣದ ಪರಿಶೀಲನೆ ಹೇಗೋ ಹಾಗೆಯೇ ಇಂಥ ಪ್ರಕರಣಗಳ ಪರಿಶೀಲನೆಗೂ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿದೆ. ತಪ್ಪಿತಸ್ಥರನ್ನು ಹುಡುಕುವುದು ಅದರ ಉದ್ದೇಶವಲ್ಲ, ಎಲ್ಲಿ ತಡವಾಯಿತು ಎಂಬುದನ್ನು ಹುಡುಕುವುದು. ವಿಭಾಗದ ಮಾಸಿಕ ಸಭೆಯಲ್ಲಿ ಈ ಪ್ರಕರಣವನ್ನು ಮಂಡಿಸಲು ನೀವೇ ಮುಂದೆ ಬನ್ನಿ. ಯಾರನ್ನೂ ಹೆಸರಿಸದೆ, ರಕ್ತಸ್ರಾವ ಗಮನಕ್ಕೆ ಬಂದ ಸಮಯ, ರಕ್ತಸ್ರಾವ ತಗ್ಗಿಸುವ ಔಷಧವಾದ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟ ಸಮಯ, ರಕ್ತ ಬಂದ ಸಮಯ, ಥಿಯೇಟರಿಗೆ ಒಯ್ದ ಸಮಯ ಇಷ್ಟನ್ನೇ ಒಂದು ಸಾಲಿನಲ್ಲಿಟ್ಟರೆ ಸಾಕು. ಹೆರಿಗೆಯಾದ 3 ಗಂಟೆಗಳೊಳಗೆ ಆ ಔಷಧ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಸಮಯವನ್ನೇ ಸುಳ್ಳು ಬರೆಯುವ ವಿಭಾಗದಲ್ಲಿ ಈ ಬಗೆಯ ಯಾವ ಪರಿಶೀಲನೆಗೂ ಅರ್ಥವಿರುವುದಿಲ್ಲ ಎಂಬುದು ಆ ಪಟ್ಟಿಯಿಂದಲೇ ಸಭೆಗೆ ಗೊತ್ತಾಗುತ್ತದೆ.

ಇನ್ನು ಕೇಸ್ ಶೀಟಿನ ವಿಷಯ. ಮುಂದಿನ ರಾತ್ರಿಯಿಂದಲೇ, ಕರೆ ಮಾಡಿದಾಗಲೇ, ಇಷ್ಟು ಗಂಟೆಗೆ ಇಂಥವರಿಗೆ ದೂರವಾಣಿಯಲ್ಲಿ ತಿಳಿಸಲಾಯಿತು, ಈ ಸೂಚನೆ ದೊರೆಯಿತು ಎಂದು ಬರೆದುಬಿಡಿ. ಬೆಳಿಗ್ಗೆಯವರೆಗೆ ಖಾಲಿ ಬಿಟ್ಟ ಜಾಗವನ್ನು ತುಂಬಿಸುವುದು ಸುಲಭ, ರಾತ್ರಿಯೇ ಶಾಯಿಯಲ್ಲಿ ಬಿದ್ದ ಸಾಲನ್ನು ಅಳಿಸಿ ಬರೆ ಎಂದು ಹೇಳಲು ಎಂಥವರೂ ಎರಡು ಸಲ ಯೋಚಿಸುತ್ತಾರೆ.

ಉತ್ತರ 2 (ವಕೀಲೆ, ವೈದ್ಯಕೀಯ ಪ್ರಕರಣಗಳು)

ಪ್ರಶ್ನೆಯ ಕೊನೆಯ ಭಾಗಕ್ಕೆ ನೇರವಾಗಿ ಹೇಳುವುದಾದರೆ, ಹೌದು, ತೊಂದರೆ ನಿಮಗೇ ಆಗುತ್ತದೆ. ಪ್ರಕರಣ ಗ್ರಾಹಕರ ಆಯೋಗಕ್ಕೆ ಹೋದಾಗ ಅಥವಾ ರೋಗಿ ಸತ್ತು, ನಿರ್ಲಕ್ಷ್ಯದಿಂದಾದ ಸಾವಿಗೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ದೂರು ದಾಖಲಾದಾಗ ಮೊದಲು ವಶಕ್ಕೆ ಪಡೆಯುವುದು ಕೇಸ್ ಶೀಟನ್ನು. ಅದರಲ್ಲಿರುವ ಕೈಬರಹ ಮತ್ತು ಸಹಿ ನಿಮ್ಮದು. ಹಿರಿಯರು ಹೇಳಿ ಬರೆಸಿದರೆಂಬ ಮಾತನ್ನು ಆಗ ನೀವು ಸಾಬೀತುಪಡಿಸಬೇಕಾಗುತ್ತದೆ, ಅವರು ಅಲ್ಲಗಳೆದರೆ ಸಾಕು.

ವೈದ್ಯರ ವೃತ್ತಿ ನಡವಳಿಕೆಗೆ ಇಂದು ಜಾರಿಯಲ್ಲಿರುವುದು 2002ರ ನಿಯಮಾವಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿ, ಅದೇ ತಿಂಗಳು ಅವನ್ನು ತಡೆಹಿಡಿಯಿತು. 2002ರ ನಿಯಮಾವಳಿಯ ಪ್ರಕಾರ ಸುಳ್ಳಾದ ಅಥವಾ ದಾರಿತಪ್ಪಿಸುವ ದಾಖಲೆಗೆ ಸಹಿ ಹಾಕಿದ ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆದುಹಾಕಬಹುದು. ಅದೇ ನಿಯಮಾವಳಿ ಸಹವೃತ್ತಿಯವರ ಅಪ್ರಾಮಾಣಿಕ ಅಥವಾ ಅನೈತಿಕ ನಡವಳಿಕೆಯನ್ನು ಭಯ ಪಕ್ಷಪಾತಗಳಿಲ್ಲದೆ ಬಯಲಿಗೆ ತರಬೇಕೆಂದೂ ವೈದ್ಯರಿಗೆ ಹೇಳುತ್ತದೆ. ಹೀಗೆ ಹೇಳುವ ನಿಯಮ, ಬಯಲಿಗೆ ತಂದವರಿಗೆ ಮರುದಿನ ಏನಾದೀತು ಎಂಬುದರ ಬಗ್ಗೆ ಮೌನವಾಗಿದೆ. ಸಂಸತ್ತು 2014ರಲ್ಲಿ ಅಂಗೀಕರಿಸಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಜಾರಿಗೇ ಬಂದಿಲ್ಲ. ಬಂದಿದ್ದರೂ ಅದು ಸಾರ್ವಜನಿಕ ಸೇವಕರ ಭ್ರಷ್ಟಾಚಾರ ಮತ್ತು ಅಧಿಕಾರ ದುರುಪಯೋಗದ ಸುತ್ತ ರಚಿತವಾದದ್ದು, ಖಾಸಗಿ ಕಾಲೇಜಿನ ಪಿಜಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲ.

ಲಭ್ಯವಿರುವ ವೇದಿಕೆಗಳಲ್ಲಿ ಯಾವುದು ಯಾವುದಕ್ಕೆ ಎಂಬುದನ್ನು ಬೆರೆಸಬೇಡಿ. ರ‍್ಯಾಗಿಂಗ್ ವಿರೋಧಿ ಸಮಿತಿಗೆ ಹೋಗುವುದು ಸೀನಿಯರ್ ವಿದ್ಯಾರ್ಥಿಗಳ ಹಿಂಸೆ. ಯುಜಿಸಿಯ 2009ರ ನಿಯಮಗಳಲ್ಲಿ ರ‍್ಯಾಗಿಂಗ್ ಎಂದರೆ ವಿದ್ಯಾರ್ಥಿಗಳು ವಿದ್ಯಾರ್ಥಿಗಳಿಗೆ ಮಾಡುವುದೇ. ಪನಿಷ್ಮೆಂಟ್ ಡ್ಯೂಟಿ ಹಾಕಿದ್ದು ಮೂರನೇ ವರ್ಷದ ಪಿಜಿಯಾದರೆ ಈ ದಾರಿ ಇದೆ, ಪ್ರಾಧ್ಯಾಪಕರಾದರೆ ಇಲ್ಲಿ ಹೆಚ್ಚು ನಿರೀಕ್ಷೆ ಬೇಡ. ಲೈಂಗಿಕ ಕಿರುಕುಳವಿದ್ದರೆ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಜಾತಿಯ ನಿಂದನೆ ಬೆರೆತಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆ. ದಾಖಲೆ ತಿದ್ದುವ ವಿಷಯಕ್ಕೆ ಪ್ರಾಂಶುಪಾಲರು ಮತ್ತು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು ಇಬ್ಬರಿಗೂ ಒಂದೇ ಪತ್ರ ಹೋಗಲಿ.

ಒಂದು ಎಚ್ಚರಿಕೆ. ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಗೆಳೆಯರಿಗೆ ಕಳುಹಿಸುವುದನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ರೋಗಿಯ ಗೋಪ್ಯತೆಯನ್ನು ಮುರಿದಿರೆಂಬ ಆರೋಪ ನಿಮ್ಮ ಮೇಲೆ ಬಂದರೆ ಮೂಲ ವಿಷಯ ಅಲ್ಲಿಯೇ ಮುಚ್ಚಿಹೋಗುತ್ತದೆ. ದಿನಾಂಕ, ಸಮಯ, ನಡೆದದ್ದು, ಯಾರು ಏನು ಹೇಳಿದರು ಎಂಬುದನ್ನು ರೋಗಿಯ ಹೆಸರಿಲ್ಲದೆ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆದಿಡಿ.

ಉತ್ತರ 3 (ಇತ್ತೀಚೆಗೆ ಪಿಜಿ ಮುಗಿಸಿದ ವೈದ್ಯ)

ಮೊದಲ ಉತ್ತರ ಬರೆದ ಸರ್ ಅವರ ಬಗ್ಗೆ ನನಗೆ ಗೌರವವಿದೆ. ಆದರೆ ವಿಭಾಗದ ಮಾಸಿಕ ಸಭೆಯ ಅಧ್ಯಕ್ಷತೆ ವಹಿಸುವವರು ಯಾರು? ವಿಭಾಗದ ಮುಖ್ಯಸ್ಥರಾದ ಹೆಚ್‌ಒಡಿಯೇ. ಕಿರಿಯ ಪಿಜಿ ಒಬ್ಬರೇ ನಿಂತು ಸಮಯದ ಪಟ್ಟಿ ತೋರಿಸಿದರೆ ಅದರಲ್ಲಿ ಹೆಸರಿಲ್ಲದಿದ್ದರೂ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ನಮ್ಮಲ್ಲಿ ಅಂಥ ಮಂಡನೆಯಾದ ಮೇಲೆ ಮೊದಲ ಪ್ರಶ್ನೆ ರಕ್ತಸ್ರಾವದ ಬಗ್ಗೆ ಬರಲಿಲ್ಲ, ಈ ಸ್ಲೈಡುಗಳನ್ನು ಸಭೆಗೆ ಮೊದಲು ನನಗೇಕೆ ತೋರಿಸಲಿಲ್ಲ ಎಂದು ಬಂತು.

ನನ್ನ ಅನುಭವದಲ್ಲಿ ಕೆಲಸಕ್ಕೆ ಬರುವುದು ಎರಡೇ. ಒಂದು, ಇಡೀ ಬ್ಯಾಚು ಒಟ್ಟಾಗಿ ಹೇಳುವುದು. ಒಬ್ಬರನ್ನು ಥಿಯೇಟರಿನಿಂದ ಹೊರಗಿಡಬಹುದು, ಎಲ್ಲರನ್ನೂ ಹೊರಗಿಟ್ಟರೆ ಮರುದಿನ ಸಿಸೇರಿಯನ್‌ಗೆ ಸಹಾಯಕ್ಕೆ ನಿಲ್ಲುವವರೇ ಇರುವುದಿಲ್ಲ. ಇನ್ನೊಂದು, ಬೇಡಿಕೆಯನ್ನು ಚಿಕ್ಕದಾಗಿ ಇಡುವುದು. ರಾತ್ರಿ ಹೆರಿಗೆ ಕೋಣೆಯಲ್ಲಿ ಇನ್ನೊಬ್ಬ ಪಿಜಿ ಇರಲಿ, ಸೀನಿಯರ್ ರೆಸಿಡೆಂಟ್ ಕ್ಯಾಂಪಸ್ಸಿನಲ್ಲೇ ಇರಲಿ, ಇಷ್ಟೇ. ತಪ್ಪೊಪ್ಪಿಗೆಯನ್ನು ಕೇಳಿದರೆ ಅದು ಸಿಗುವುದಿಲ್ಲ, ಆದರೆ ಡ್ಯೂಟಿ ಪಟ್ಟಿ ಬದಲಾಗಬಹುದು.

ವಕೀಲರು ಗಮನಿಸಿರಲಾರದ ಒಂದು ಸಂಗತಿಯೆಂದರೆ ಸಿಸ್ಟರ್‌ಗಳ ದಾಖಲೆ. ವೈದ್ಯರು ಕೇಸ್ ಶೀಟಿನಲ್ಲಿ ಏನನ್ನೇ ಬರೆಯಲಿ, ಸ್ಟಾಫ್ ನರ್ಸ್ ಅದೇ ರಾತ್ರಿ ತಮ್ಮ ನೋಟ್ಸ್‌ನಲ್ಲಿ ಯಾರಿಗೆ ಎಷ್ಟು ಗಂಟೆಗೆ ಕರೆ ಹೋಯಿತು, ಯಾರು ಯಾವಾಗ ಬಂದರು ಎಂದು ಬರೆದಿರುತ್ತಾರೆ. ವೈದ್ಯರಿಗೆ ಹೋದ ಕರೆಗಳನ್ನು ಬರೆದಿಡುವ ಕಾಲ್ ಬುಕ್ ಇರುವ ಆಸ್ಪತ್ರೆಗಳಲ್ಲಿ ಅದರಲ್ಲಿಯೂ ಇರುತ್ತದೆ. ಬೆಳಿಗ್ಗೆ ಪಿಜಿ ಸೇರಿಸಿದ ಸಾಲು ಆ ಸಾಲಿಗೆ ಹೊಂದುವುದಿಲ್ಲ, ಮತ್ತು ವಿಚಾರಣೆಯಲ್ಲಿ ಸುಳ್ಳುಗಾರರಾಗಿ ಕಾಣುವುದು ಪಿಜಿಯೇ ಹೊರತು ಬರೆಸಿದವರಲ್ಲ.

ಸಂಸ್ಕೃತಿಯ ಬಗ್ಗೆ ಒಂದು ಮಾತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬಂತೆ, ಮೊದಲ ವರ್ಷ ಅತ್ತವರೇ ಮೂರನೇ ವರ್ಷ ಅಳಿಸುತ್ತಾರೆ. ನಾವು ಪಿಜಿ ಮಾಡುವಾಗ ವಾರಗಟ್ಟಲೆ ಹಾಸ್ಟೆಲ್ಲಿನ ಮುಖ ನೋಡಿರಲಿಲ್ಲ ಎಂಬುದನ್ನು ಪದಕದಂತೆ ಹೇಳಿಕೊಳ್ಳುವವರ ಮುಂದೆ ನಿದ್ದೆ ಬೇಕು ಎನ್ನುವುದೇ ಅಪರಾಧ. ನಿಯಮಗಳು ಇಲ್ಲವೆಂದಲ್ಲ. ಕೇಂದ್ರದ ರೆಸಿಡೆನ್ಸಿ ಯೋಜನೆ ವಾರಕ್ಕೆ 48 ಗಂಟೆ, ಒಂದು ಹೊತ್ತಿಗೆ ಸಾಮಾನ್ಯವಾಗಿ 12 ಗಂಟೆ ಮೀರದ ಡ್ಯೂಟಿ ಎಂದು 1992ರಲ್ಲೇ ಬರೆದಿತ್ತು. ವೈದ್ಯಕೀಯ ಆಯೋಗದ 2023ರ ಪಿಜಿ ನಿಯಮಾವಳಿ ಸಂಖ್ಯೆಯನ್ನೇ ಬಿಟ್ಟು ಸಮಂಜಸವಾದ ಕೆಲಸದ ಅವಧಿ ಎಂದಷ್ಟೇ ಹೇಳಿತು. ಯಾರಿಗೆ ಸಮಂಜಸ ಎಂಬುದನ್ನು ಹೇಳಲಿಲ್ಲ. ಆಯೋಗದ್ದೇ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಯ ಮಿತಿಯನ್ನು ಶಿಫಾರಸು ಮಾಡಿತು. ಅದೇ ವರ್ಷ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಪಿಜಿ ವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಂತರ ಸುಪ್ರೀಂ ಕೋರ್ಟಿನಲ್ಲಿಯೂ ನಿವಾಸಿ ವೈದ್ಯರ 36 ಗಂಟೆಗಳ ಪಾಳಿಯ ಪ್ರಸ್ತಾಪವಾಯಿತು. ಈ ಸಂಖ್ಯೆಗಳು ಡ್ಯೂಟಿ ಪಟ್ಟಿ ಬರೆಯುವ ಮೇಜಿಗೆ ಇನ್ನೂ ತಲುಪಿಲ್ಲ.

ಹೇಳಿದವರನ್ನು ಯಾರೂ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನ ಡಾ. ಪಾಯಲ್ ತಡ್ವಿ ಅವರ ಪ್ರಕರಣವಿದೆ. ನಾಯರ್ ಆಸ್ಪತ್ರೆಯಲ್ಲಿ ಪ್ರಸೂತಿ ವಿಭಾಗದ ಪಿಜಿಯಾಗಿದ್ದ, ಆದಿವಾಸಿ ಕುಟುಂಬದ ಆಕೆ 2019ರ ಮೇ ತಿಂಗಳಲ್ಲಿ ಜೀವ ಕಳೆದುಕೊಂಡರು. ಮೂವರು ಸೀನಿಯರ್‌ಗಳ ಮೇಲೆ ಜಾತಿ ನಿಂದನೆ ಮತ್ತು ಕಿರುಕುಳದ ಆರೋಪ ದಾಖಲಾಯಿತು. ಕಿರುಕುಳದ ವಿಷಯವನ್ನು ಮೊದಲೇ ವಿಭಾಗದ ಗಮನಕ್ಕೆ ತಂದಿದ್ದೆವೆಂದು ಕುಟುಂಬದವರು ಹೇಳಿದರು. ಆದ್ದರಿಂದ ಧೈರ್ಯವಾಗಿ ಹೇಳಿ ಎಂದು ಹೊರಗಿನಿಂದ ಉಪದೇಶಿಸುವುದು ನನಗೆ ಹಿಡಿಸುವುದಿಲ್ಲ. ನಿಮ್ಮ ಯೂನಿಟ್ಟಿನ ಆ ಮೊದಲ ವರ್ಷದ ಪಿಜಿಯನ್ನು ಒಬ್ಬಂಟಿಯಾಗಿ ಬಿಡಬೇಡಿ. ಅವರೊಂದಿಗೆ ದಿನವೂ ಯಾರಾದರೂ ಊಟ ಮಾಡಲಿ. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಉತ್ತರ 4 (ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯೆ)

ನಾನು ಎಂಬಿಬಿಎಸ್ ಅನ್ನು ಕರ್ನಾಟಕದಲ್ಲಿ ಮುಗಿಸಿ, ಹೊರದೇಶದ ವೈದ್ಯರು ಬ್ರಿಟನ್ನಿನಲ್ಲಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್ ಪರೀಕ್ಷೆ ಬರೆದು ಇಲ್ಲಿಗೆ ಬಂದವಳು. ಇಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುವುದಕ್ಕಾಗಿ ಬರೆಯುತ್ತಿಲ್ಲ. ರೋಗಿಗಳ ಆರೈಕೆಯಲ್ಲಿ ಭಾರೀ ನಿರ್ಲಕ್ಷ್ಯ ಬಯಲಾದ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯ ಹಗರಣದ ವಿಚಾರಣೆ ನಡೆಸಿದ ಸರ್ ರಾಬರ್ಟ್ ಫ್ರಾನ್ಸಿಸ್ ಅವರೇ 2015ರಲ್ಲಿ ಕೊಟ್ಟ ಇನ್ನೊಂದು ವರದಿಯ ನಂತರ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಹೆಚ್‌ಎಸ್‌ನ ಆಸ್ಪತ್ರೆಗಳಲ್ಲಿ ಸಿಬ್ಬಂದಿಯ ಆತಂಕಗಳನ್ನು ಕೇಳಿಸಿಕೊಳ್ಳುವುದಕ್ಕೆಂದೇ ಒಬ್ಬ ಗಾರ್ಡಿಯನ್ ಅನ್ನು ನೇಮಿಸುವ ಪದ್ಧತಿ ಬಂತು. 2016ರ ಕಿರಿಯ ವೈದ್ಯರ ಒಪ್ಪಂದದೊಂದಿಗೆ ಕೆಲಸದ ಅವಧಿಯನ್ನು ನೋಡಿಕೊಳ್ಳಲು ಪ್ರತ್ಯೇಕವಾಗಿ ಮತ್ತೊಬ್ಬ ಗಾರ್ಡಿಯನ್ ಬಂದರು. ನಿಗದಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾಗಿ ಬಂದರೆ ನಾನು ಕಂಪ್ಯೂಟರಿನಲ್ಲಿ ಒಂದು ವರದಿ ತುಂಬಿಸುತ್ತೇನೆ. ಆದರೆ ಹೊಸಬರು ಆ ವರದಿ ತುಂಬಿಸಲೂ ಹಿಂಜರಿಯುವುದನ್ನು ನೋಡುತ್ತೇನೆ, ಏಕೆಂದರೆ ತರಬೇತಿಯ ವರ್ಷದ ಕೊನೆಗೆ ಅವರ ಬಗ್ಗೆ ಅಭಿಪ್ರಾಯ ಬರೆಯುವವರು ಅದೇ ಹಿರಿಯ ತಜ್ಞ ವೈದ್ಯರು, ಅಂದರೆ ಕನ್ಸಲ್ಟಂಟ್.

ಡಾ. ಕ್ರಿಸ್ ಡೇ ಅವರ ಪ್ರಕರಣ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು. ಲಂಡನ್ನಿನ ವೂಲಿಚ್‌ನ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ರಾತ್ರಿಯ ಹೊತ್ತು ವೈದ್ಯರ ಸಂಖ್ಯೆ ಸಾಲದೆಂದು ಅವರು 2014ರ ಜನವರಿಯಲ್ಲಿ ಹೇಳಿದರು. ಮುಂದೆ ಅವರ ತರಬೇತಿ ನಿಂತುಹೋಯಿತು. ಕಿರಿಯ ವೈದ್ಯರ ತರಬೇತಿಯನ್ನು ನಡೆಸುತ್ತಿದ್ದ ರಾಷ್ಟ್ರೀಯ ಸಂಸ್ಥೆ, ತಾನು ಅವರ ಉದ್ಯೋಗದಾತನಲ್ಲ, ಆದ್ದರಿಂದ ಮಾಹಿತಿದಾರರ ರಕ್ಷಣೆಯ ಕಾನೂನು ತನಗೆ ಅನ್ವಯಿಸುವುದಿಲ್ಲವೆಂದು ವಾದಿಸಿತು. ಆ ವಾದವನ್ನು ಮೇಲ್ಮನವಿ ನ್ಯಾಯಾಲಯ ಬದಿಗಿಟ್ಟದ್ದು 2017ರಲ್ಲಿ. ಅಂದರೆ ಕಾನೂನು ಇರುವ ದೇಶದಲ್ಲಿಯೂ, ತರಬೇತಿಯಲ್ಲಿರುವ ವೈದ್ಯರು ನೌಕರರೋ ವಿದ್ಯಾರ್ಥಿಗಳೋ ಎಂಬ ಎಡೆಯಲ್ಲಿ ರಕ್ಷಣೆ ಸಿಕ್ಕಿಬಿದ್ದಿತು. ನಮ್ಮೂರಿನ ಪಿಜಿಯ ಸ್ಥಿತಿಯೂ ಇದೇ ಅಲ್ಲವೇ? ರಾತ್ರಿ ಪಾಳಿಗೆ ನೌಕರ, ದೂರು ಕೊಡುವಾಗ ವಿದ್ಯಾರ್ಥಿ.

ಇಲ್ಲಿ ನಾನು ಕಲಿತ ಒಂದು ಪ್ರಾಯೋಗಿಕ ಸಂಗತಿಯಿದೆ. ಹಿರಿಯರನ್ನು ರಾತ್ರಿ ಕರೆಯುವಾಗ, ಸರ್, ರಕ್ತಸ್ರಾವ ಸ್ವಲ್ಪ ಜಾಸ್ತಿ ಇದೆ, ನೋಡುತ್ತಿದ್ದೇನೆ ಎಂದು ಹೇಳಬಾರದು. ಇಷ್ಟು ಮಿಲಿಲೀಟರ್ ರಕ್ತ ಹೋಗಿದೆ, ನಾಡಿ ಇಷ್ಟು, ಬಿಪಿ ಇಷ್ಟು, ನೀವು ಈಗಲೇ ಬರಬೇಕು, ಎಷ್ಟು ನಿಮಿಷದಲ್ಲಿ ಬರುತ್ತೀರಿ ಎಂದು ಕೇಳಬೇಕು. ನಮ್ಮಲ್ಲಿ ಹಿರಿಯರಿಗೆ ನೀವು ಬರಬೇಕು ಎಂದು ಹೇಳುವುದೇ ಉದ್ಧಟತನವೆನಿಸುತ್ತದೆ. ಆದ್ದರಿಂದ ಅದನ್ನು ಒಬ್ಬೊಬ್ಬರ ಧೈರ್ಯಕ್ಕೆ ಬಿಡದೆ, ಇಂತಿಷ್ಟು ರಕ್ತಸ್ರಾವವಾದರೆ ಹಿರಿಯರು ಬರಲೇಬೇಕೆಂಬ ಲಿಖಿತ ನಿಯಮವನ್ನು ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿಸಿ. ಆಗ ಕರೆಯುವುದು ಪಿಜಿಯಲ್ಲ, ನಿಯಮ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬ್ಯಾಚಿನವರೊಂದಿಗೆ ಮಾತನಾಡಿದೆ. ಇಬ್ಬರು ಹಿಂದೆ ಸರಿದರು, ಅವರ ಮನೆಯ ಪರಿಸ್ಥಿತಿ ನನಗೆ ಗೊತ್ತಿರುವುದರಿಂದ ಅವರನ್ನು ದೂರುವುದಿಲ್ಲ. ಉಳಿದವರು ಸೇರಿ ರಾತ್ರಿ ಪಾಳಿಗೆ ಇನ್ನೊಬ್ಬ ಪಿಜಿ ಮತ್ತು ರಕ್ತಸ್ರಾವದ ಕರೆಗೆ ಲಿಖಿತ ನಿಯಮ, ಈ ಎರಡನ್ನೇ ಕೇಳಿ ಪತ್ರ ಸಿದ್ಧಪಡಿಸಿದ್ದೇವೆ. ಹಳೆಯ ಕೇಸ್ ಶೀಟುಗಳ ವಿಷಯವನ್ನು ಅದೇ ಪತ್ರದಲ್ಲಿ ಸೇರಿಸಬೇಕೇ ಎಂಬುದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಪತ್ರ ಹೆಚ್‌ಒಡಿ ಅವರ ಮೂಲಕವೇ ಹೋಗಬೇಕೆಂದು ಕಚೇರಿಯವರು ಹೇಳುತ್ತಿದ್ದಾರೆ.

ಉತ್ತರ 5 (ವಕೀಲೆ)

ಸೇರಿಸಬೇಡಿ, ಅದು ಬೇರೆ ಪತ್ರವಾಗಲಿ. ಎರಡನ್ನೂ ಒಂದರಲ್ಲಿಟ್ಟರೆ ಡ್ಯೂಟಿ ಪಟ್ಟಿಯ ಬೇಡಿಕೆಯನ್ನು ಒಪ್ಪುವುದೆಂದರೆ ದಾಖಲೆ ತಿದ್ದಿದ್ದನ್ನೂ ಒಪ್ಪಿಕೊಂಡಂತೆ ಎಂಬ ಹೆದರಿಕೆಯಿಂದ ಎರಡನ್ನೂ ತಳ್ಳಿಹಾಕುತ್ತಾರೆ. ದಾಖಲೆಯ ಪತ್ರದ ಕರಡನ್ನು ಕೊಡುವ ಮೊದಲು ವಕೀಲರಿಗೆ ತೋರಿಸಿ, ಏಕೆಂದರೆ ಅದರಲ್ಲಿ ನಿಮ್ಮ ಕೈಬರಹದ ವಿಷಯವೂ ಬರುತ್ತದೆ. ಮೊದಲ ಪತ್ರ ಹೆಚ್‌ಒಡಿ ಮೂಲಕವೇ ಹೋಗಲಿ, ಅಡ್ಡಿಯಿಲ್ಲ, ಆದರೆ ಅದರ ಮುಂಗಡ ಪ್ರತಿಯನ್ನು ಪ್ರಾಂಶುಪಾಲರ ಮತ್ತು ವೈದ್ಯಕೀಯ ಅಧೀಕ್ಷಕರ ಕಚೇರಿಯಲ್ಲಿ ಬಂದ ಪತ್ರಗಳನ್ನು ದಾಖಲಿಸುವ ಇನ್‌ವರ್ಡ್‌ನಲ್ಲಿ ಅದೇ ದಿನ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಂಖ್ಯೆ, ದಿನಾಂಕ ಮತ್ತು ಮುದ್ರೆ ಹಾಕಿಸಿಕೊಳ್ಳಿ. ಸಹಿಗಳನ್ನು ಅಕಾರಾದಿಯಾಗಿ ಹಾಕಿ, ಮೊದಲ ಸಹಿ ಯಾರದೆಂಬುದು ಯಾರಿಗೂ ಮುಖ್ಯವಾಗದಿರಲಿ. ಕಚೇರಿಯವರು ಪ್ರತಿಯನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ.